ಅಕ್ಕನ ಮಿಲ್ಟ್ರಿ ಸ್ಟವ್ ಮೇಲೆ ನನ್ನ ಹೆಸರು

ನಾನು ಏಳನೇ ಕ್ಲಾಸಿನಲ್ಲಿ ಫೇಲಾಗಿ ಸ್ಕೂಲು ಬಿಟ್ಟವನು. ನೆಂಟರಿಗೆ ಕಾಗದ ಬರೆಯುವುದು ಬಿಟ್ಟರೆ ಬರೆದು ರೂಢಿಯಿಲ್ಲ. ಆದರೂ ಇದನ್ನು ನಾನೇ ಬರೆಯಬೇಕು, ತಪ್ಪು ಮಾಡಿದವನು ನಾನೇ ಆದ್ದರಿಂದ. ಅಕ್ಕ ಜೋಪಾನ ಮಾಡಿಟ್ಟಿದ್ದ ಒಂದು ಸ್ಟವ್ವನ್ನು ಅವಳಿಗೆ ಹೇಳದೆ ಬೇರೆಯವರಿಗೆ ಕೊಟ್ಟೆ. ಅದನ್ನು ಇನ್ನೊಬ್ಬ ಮನುಷ್ಯ ಕದ್ದನೆಂದು ಅವಳು ನಂಬಿದಾಗ ಸುಮ್ಮನಿದ್ದೆ. ಹನ್ನೆರಡು ವರ್ಷ ಸುಮ್ಮನಿದ್ದೆ.

ಕೊಳ್ಳೇಗಾಲದಲ್ಲಿ ನಮ್ಮ ಮನೆಯ ಜಗಲಿಯೇ ಅಪ್ಪನ ಅಂಗಡಿ. ಸೀಮೆಎಣ್ಣೆಯ ಪಂಪ್ ಸ್ಟವ್ವು, ಮೆರವಣಿಗೆಯ ಗ್ಯಾಸ್‌ಲೈಟು ರಿಪೇರಿ ಮಾಡುತ್ತಿದ್ದರು. ಎಂಬತ್ತನೇ ಇಸವಿಯ ಸುಮಾರಿಗೆ ಅವರ ಕೈ ನಡುಗತೊಡಗಿತು. ಬರ್ನರಿನ ಸಣ್ಣ ತೂತಿಗೆ ಪಿನ್ನು ಹಾಕಿ ಕಸ ತೆಗೆಯಬೇಕಾದರೆ ಕೈ ಅಲುಗಬಾರದು. ಅಪ್ಪ ನನ್ನನ್ನು ಕರೆದು ತಮ್ಮ ಮಣೆಯ ಮೇಲೆ ಕೂರಿಸಿದರು. ನಾನು ಒಂದೇ ವಾರದಲ್ಲಿ ನಾಲ್ಕು ಪಿನ್ನುಗಳನ್ನು ಒಳಗೇ ಮುರಿದೆ. ಅಡುಗೆ ಮನೆಯಿಂದ ನೋಡುತ್ತಿದ್ದ ಅಕ್ಕ ಹಿಟ್ಟಿನ ಕೈ ಒರೆಸಿಕೊಂಡು ಬಂದು "ಇತ್ತ ಕೊಡು" ಅಂದಳು. ಅಲ್ಲಿಂದ ಮುಂದೆ ಆ ಮಣೆಯ ಮೇಲೆ ಕೂತವಳು ಅವಳೇ. ಅವಳು ಓದಿದ್ದು ನಾಲ್ಕನೇ ಕ್ಲಾಸು.

ಟೀ ಅಂಗಡಿಯವರು ಸ್ಟವ್ ಹೊತ್ತು ತಂದು, ಮಣೆಯ ಮೇಲೆ ಹೆಂಗಸು ಕೂತಿರುವುದನ್ನು ಕಂಡು ಅನುಮಾನ ಪಡುತ್ತಿದ್ದರು.

"ಏನವ್ವ, ನಿಮ್ಮಪ್ಪ ಇಲ್ವಾ?"

"ಒಳ್ಗವ್ರೆ. ಆದ್ರೆ ಸ್ಟವ್ವು ಈಗ ನನ್ ಮಾತೇ ಕೇಳ್ತದೆ. ಮಡಗೋಗಿ ಅಲ್ಲಿ."

ಅಪ್ಪ ಹೋದ ಮೇಲೂ ಅಂಗಡಿ ನಿಲ್ಲಲಿಲ್ಲ. ಅಕ್ಕನನ್ನು ಧನಗೆರೆಗೆ ಕೊಟ್ಟಿದ್ದೆವು. ಮನೆಗೆಲಸ ಮುಗಿಸಿ ಬಸ್ಸು ಹತ್ತಿ ಬರುತ್ತಿದ್ದಳು, ಸಂಜೆ ಹೋಗುತ್ತಿದ್ದಳು. ನಾನು ಆ ಮನೆಯಲ್ಲೇ ಇದ್ದುಕೊಂಡು ಒಬ್ಬ ಸಾಹುಕಾರರ ರೇಷ್ಮೆ ನೂಲು ತೆಗೆಯುವ ಫಿಲೇಚರಿನಲ್ಲಿ ಕೆಲಸಕ್ಕೆ ಸೇರಿದ್ದೆ.

ಅಕ್ಕನಿಗೆ ಮಿಲ್ಟ್ರಿ ಸ್ಟವ್ವಿನ ಹುಚ್ಚು ಹಿಡಿಸಿದವನು ಹನೂರಿನ ಗುಜರಿ ಅಂಗಡಿಯವನು. ಅವನು ಗೋಪಿನಾಥಂ ಆಚೆಯ ಕಡೆಯಿಂದ ಬಂದವನು, ಮನೆಮಾತು ತಮಿಳು. ನಾವು ಅವನನ್ನು ಅಣ್ಣ ಅನ್ನುತ್ತಿದ್ದೆವು, ಅವನು ಅಕ್ಕನನ್ನು ತಂಗಚ್ಚಿ ಅನ್ನುತ್ತಿದ್ದ. ಆಗ ಆ ಕಾಡಿನಲ್ಲಿ ಬಿದಿರು ಕಡಿಸುವ ಕಂಟ್ರಾಕ್ಟರುಗಳು, ಅಳತೆಗೆ ಬಂದ ಆಫೀಸಿನವರು ತಿಂಗಳುಗಟ್ಟಲೆ ಬಿಡಾರ ಹಾಕುತ್ತಿದ್ದರು. ಮಿಲಿಟರಿಯವರು ಹಳೆಯದಾಯಿತೆಂದು ಹರಾಜು ಹಾಕಿದ ಡೇರೆ, ಬಕೆಟ್ಟು, ಸ್ಟವ್ವು ಅವರ ಸಾಮಾನಿನ ಜೊತೆ ಬರುತ್ತಿತ್ತು. ಬಿಡಾರ ಎತ್ತುವಾಗ ಕೆಟ್ಟದ್ದನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಅದು ಯಾರದೋ ಹಟ್ಟಿ ಸೇರಿ, ಅಲ್ಲಿಂದ ಅಣ್ಣನ ತಕ್ಕಡಿಗೆ ಬರುತ್ತಿತ್ತು. ಒಡೆದು ತೂಕಕ್ಕೆ ಹಾಕುವ ಮೊದಲು ಅವನು ಅಕ್ಕನಿಗೆ ಒಮ್ಮೆ ತೋರಿಸುತ್ತಿದ್ದ. ಪ್ರತಿ ಗುರುವಾರ ಅಂಗಡಿಗೆ ರಜೆ ಮಾಡಿ ಅವಳು ಹನೂರಿಗೆ ಹೋಗುತ್ತಿದ್ದಳು. ನಾನೂ ಕೆಲವು ಸಲ ಚೀಲ ಹೊರಲು ಹೋಗಿದ್ದೇನೆ.

ಗುರುತು ಹಿಡಿಯುವುದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಬಿಚ್ಚಿ ಬಿಚ್ಚಿ ಕಲಿತಳು. ಸ್ಟವ್ ಕೈಗೆ ಬಂದ ತಕ್ಷಣ ತಲೆಕೆಳಗು ಮಾಡುತ್ತಿದ್ದಳು. ಮನೆ ಸ್ಟವ್ವಿಗೆ ಕಾಲುಗಳನ್ನು ಟ್ಯಾಂಕಿಗೇ ಬೆಸುಗೆ ಹಾಕಿರುತ್ತಾರೆ. ಕ್ಯಾಂಪಿನ ಸ್ಟವ್ವನ್ನು ತಗಡಿನ ಪೆಟ್ಟಿಗೆಯೊಳಗೆ ಮಡಚಿ ಇಡಬೇಕಲ್ಲ, ಅದರ ಕಾಲೂ ಬಿಚ್ಚಿ ಬರುತ್ತದೆ, ಬರ್ನರೂ ಬಿಚ್ಚಿ ಬರುತ್ತದೆ. ಆಮೇಲೆ ಕಾಲು ಕೂರುವ ಸಂದಿಯಲ್ಲಿ ಉಗುರು ಹಾಕಿ ಕೆರೆಯುತ್ತಿದ್ದಳು. ಮಿಲಿಟರಿಯ ಹಸಿರು ಬಣ್ಣ ಹಿತ್ತಾಳೆಗೇ ಅಂಟಿದ್ದರೆ ಸರಿ. ಮಸಿಯ ಮೇಲೆ ಹಸಿರು ಕೂತಿದ್ದರೆ ಅದು ಯಾರೋ ಆಮೇಲೆ ಬಳಿದದ್ದು. ಕೊನೆಗೆ ಎಣ್ಣೆ ಹಾಕುವ ಮುಚ್ಚಳದ ಆಸುಪಾಸಿನಲ್ಲಿ ಹೆಬ್ಬೆರಳು ಆಡಿಸುತ್ತಿದ್ದಳು. ಅಲ್ಲಿ ಮೂರು ಸಣ್ಣ ಗೀಟುಗಳು ತುದಿಯಲ್ಲಿ ಒಂದಾಗಿ, ಕೆಸರಿನಲ್ಲಿ ಕಾಗೆ ಹೆಜ್ಜೆ ಇಟ್ಟ ಹಾಗೆ ಒತ್ತಿರುತ್ತವೆ. ಪಕ್ಕದಲ್ಲಿ ಇಸವಿಯ ಎರಡು ಅಂಕಿ. ಅದು ಬ್ರಿಟಿಷರ ಕಾಲದ ಮಿಲಿಟರಿ ಮಾಲು ಎಂಬುದಕ್ಕೆ ಗುರುತು. ಮಸಿ ತುಂಬಿ ಕಣ್ಣಿಗೆ ಕಾಣದಿದ್ದರೂ ಅವಳ ಬೆರಳಿಗೆ ಸಿಗುತ್ತಿತ್ತು.

ಹೆಚ್ಚಿನವುಗಳಲ್ಲಿ ಬೆರಳಿಗೂ ಸಿಗುತ್ತಿರಲಿಲ್ಲ. ನಮ್ಮ ಹೆಂಗಸರ ಕೈಗೆ ಹಿತ್ತಾಳೆ ಸಿಕ್ಕಿದರೆ ಕೇಳಬೇಕೆ? ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಹಬ್ಬ ಹಬ್ಬಕ್ಕೂ ತಿಕ್ಕಿ ತಿಕ್ಕಿ ಗುರುತನ್ನು ನುಣ್ಣಗೆ ಮಾಡಿಬಿಟ್ಟಿರುತ್ತಿದ್ದರು.

ಅಂಥ ದಿನಗಳಲ್ಲಿ ಮೈಸೂರಿನಿಂದ ಒಬ್ಬ ವಯಸ್ಸಾದವರು ಬರತೊಡಗಿದರು. ಮಿಲಿಟರಿಯಲ್ಲಿ ಸ್ಟೋರು ನೋಡಿಕೊಂಡು ನಿವೃತ್ತರಾದವರು. ಹಳೆಯ ಕ್ಯಾಂಪ್ ಸ್ಟವ್ವುಗಳನ್ನು ಕೂಡಿಸಿ, ಒಂದೊಂದರ ಕೆಳಗೂ ಅದು ಯಾವ ಕಾಲದ್ದು, ಎಲ್ಲಿ ಸಿಕ್ಕಿತು, ಯಾರು ಗುರುತಿಸಿದರು ಎಂದು ಚೀಟಿ ಬರೆದು ಇಡುತ್ತಾರಂತೆ. ಅಕ್ಕ ಅವರ ಕೈಯಲ್ಲಿದ್ದ ಸ್ಟವ್ವನ್ನು ನೋಡಿ, ಇದರ ಬರ್ನರ್ ಇದರದಲ್ಲ, ಬೇರೆಯದರಿಂದ ತಂದು ಹಾಕಿದ್ದಾರೆ ಎಂದು ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಪೆಟ್ಟಿಗೆ ಸಮೇತ, ಗುರುತು ಅಳಿಸದೆ ಇರೋದು ಒಂದು ಸಿಕ್ಕಿದ್ರೆ ಎತ್ತಿಡಮ್ಮ. ಅದರ ಚೀಟೀಲಿ ನಿನ್ನ ಹೆಸರೇ ಬರೀತೀನಿ."

"ನನ್ ಹೆಸ್ರ್ಯಾಕ್ ಸಾ?"

"ಮತ್ತೆ ಯಾರದ್ದು ಬರೀಲಿ? ಸ್ಟವ್ ತಾನೇ ನಡ್ಕೊಂಡು ಬರುತ್ತಾ?"

ಅವರು ಹೋದ ಮೇಲೆ ಅಕ್ಕ ನನ್ನ ಕೈಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಸಿಕೊಂಡಳು. ಆ ಚೂರು ಕಾಗದವನ್ನು ವಾಶರ್ ಡಬ್ಬಿಯಲ್ಲಿಟ್ಟು, ಗಿರಾಕಿ ಇಲ್ಲದಾಗ ತೆಗೆದು ನೋಡಿ ಬರೆದು ಅಭ್ಯಾಸ ಮಾಡುತ್ತಿದ್ದಳು. ಅವಳಿಗೆ ಅದರ ಆಸೆ ಎಷ್ಟಿತ್ತೆಂದು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಅಂಥದ್ದು ಶಾಗ್ಯದ ಒಂದು ಮನೆಯಲ್ಲಿ ಸಿಕ್ಕಿತು. ಅಣ್ಣನೇ ಸುದ್ದಿ ತಂದ. ಮೂವರೂ ಹೋದೆವು. ಅಟ್ಟದ ಮೇಲೆ ಹಸಿರು ತಗಡಿನ ಪೆಟ್ಟಿಗೆ, ಅದರೊಳಗೆ ಅವರೆ ಬೀಜ. ಸ್ಟವ್ವು ಹಗ್ಗದ ಕಂತೆಯಡಿ ಬಿದ್ದಿತ್ತು. ಮೂರು ಕಾಲು, ಬರ್ನರು, ಪಂಪು, ಎಲ್ಲ ಇತ್ತು. ಅಕ್ಕ ಹೆಬ್ಬೆರಳು ಆಡಿಸಿದಳು, ಮುಖ ಅರಳಿತು. ಮನೆಯ ಅಜ್ಜಿಗೆ ಬದಲಿಗೆ ಒಂದು ಹೊಸ ಸ್ಟವ್ ಕೊಡುತ್ತೇನೆಂದಳು.

"ಅದು ಉರಿಯಲ್ಲ ಕಣವ್ವ, ನನ್ ಮದ್ವೆ ಆದಾಗ್ಲಿಂದ ಉರುದಿಲ್ಲ," ಅಂದಳು ಅಜ್ಜಿ.

"ನಾ ಉರಿಸ್ತೀನಿ ಬುಡಜ್ಜಿ."

"ಉರುದ್ರೆ ವಾಪಸ್ ತಂದ್ಕೊಟ್ಬುಡು ಮತ್ತೆ!"

ಅಣ್ಣ ದಾರಿಯುದ್ದಕ್ಕೂ ನಗುತ್ತಿದ್ದ. ಅಕ್ಕ ಮೈಸೂರಿಗೆ ಕಾಗದ ಹಾಕಿಸಿದಳು. ಮುಂದಿನ ತಿಂಗಳು ಒಂದು ಭಾನುವಾರ ಬರುತ್ತೇನೆಂದು ಉತ್ತರ ಬಂತು. ಸ್ಟವ್ವನ್ನು ಪೆಟ್ಟಿಗೆಯಲ್ಲಿಟ್ಟು ಅಂಗಡಿಯ ಮಣೆಯ ಹಿಂದೆ ಇಟ್ಟಳು.

ಅದೇ ತಿಂಗಳು ನಮ್ಮ ಸಾಹುಕಾರರ ಮಗಳ ಮದುವೆ ಬಂತು.

ನಮ್ಮ ಕಡೆ ಮದುವೆಗೆ ಪಾತ್ರೆ ಕೊಡುವವರು ಅದರ ಮೇಲೆ ಹೆಸರು ಹಾಕಿಸುತ್ತಾರೆ. ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ಕರೆಂಟಿನ ಮೆಷಿನ್ನು ಹಿಡಿದು ಕೂತಿರುತ್ತಾನೆ. ಗುಯ್ ಎಂದು ಸದ್ದು ಮಾಡುತ್ತ ಚುಕ್ಕಿ ಚುಕ್ಕಿಯಾಗಿ ಅಕ್ಷರ ಕೊರೆಯುತ್ತಾನೆ. ಎಷ್ಟು ವರ್ಷವಾದರೂ ಆ ಮನೆಯಲ್ಲಿ ಆ ಪಾತ್ರೆ ಬೋರಲು ಹಾಕಿದಾಗಲೆಲ್ಲ ನಮ್ಮ ಹೆಸರು ಕಾಣುತ್ತದೆ. ಫಿಲೇಚರಿನ ಮಿಕ್ಕವರೆಲ್ಲ ಸೇರಿ ಒಂದು ಹಂಡೆ ಕೊಡುವುದೆಂದು ಮಾತಾಯಿತು. ಅಷ್ಟು ಜನರ ಹೆಸರು ಹಿಡಿಯುವುದಿಲ್ಲವೆಂದು 'ಕೆಲಸಗಾರರು' ಎಂದಷ್ಟೇ ಹಾಕಿಸುತ್ತೇವೆಂದರು. ನನ್ನ ಹೆಸರನ್ನು ನಾಲ್ಕು ಜನ ಕಾಣುವಂತೆ ಎಲ್ಲಾದರೂ ಬರೆದದ್ದು ಒಂದೇ ಸಲ, ಅದು ಸ್ಕೂಲಿನ ಗೋಡೆಯ ಮೇಲೆ ಫೇಲಾದವರ ಪಟ್ಟಿಯಲ್ಲಿ. "ನಾನು ಬೇರೇನೇ ಕೊಡ್ತೀನಿ" ಎಂದು ಎಲ್ಲರ ಎದುರಿಗೆ ಹೇಳಿಬಿಟ್ಟೆ.

ಹೇಳಿದ ಮೇಲೆ ಕೊಡಲು ಏನೂ ಇರಲಿಲ್ಲ. ಮದುವೆಯ ಹಿಂದಿನ ದಿನ ಅಕ್ಕ ನಾಟಿ ಕೆಲಸಕ್ಕೆಂದು ಧನಗೆರೆಯಲ್ಲೇ ಉಳಿದಿದ್ದಳು. ಅವತ್ತು ಬೆಳಿಗ್ಗೆ ಅಣ್ಣ ಹನೂರಿನಿಂದ ಒಂದಷ್ಟು ಹಳೇ ಬರ್ನರ್ ತಂದುಕೊಟ್ಟು, ಪೆಟ್ಟಿಗೆ ತೆರೆದು ಸ್ಟವ್ ನೋಡಿ, "ಒಳ್ಳೆ ಹಿತ್ತಾಳೆ ತಂಬಿ. ಇದನ್ನ ತಂಗಚ್ಚಿಗೆ ತೋರಿಸಿದ್ದೇ ನನ್ ತಪ್ಪು" ಎಂದು ತಮಾಷೆ ಮಾಡಿ ಹೋದ. ಅವನು ಆ ಕಡೆ ಹೋದ ಮೇಲೆ ನಾನು ಪೆಟ್ಟಿಗೆಯನ್ನು ಮತ್ತೆ ತೆರೆದೆ. ತುಕ್ಕು ಹಿಡಿದ ತಗಡನ್ನು ಅಲ್ಲೇ ಬಿಟ್ಟು ಸ್ಟವ್ವನ್ನು ಟವೆಲಿನಲ್ಲಿ ಸುತ್ತಿಕೊಂಡು ಪಾತ್ರೆ ಅಂಗಡಿ ಬೀದಿಗೆ ನಡೆದೆ.

ಮೆಷಿನ್ನಿನವನು ತಿರುಗಿಸಿ ನೋಡಿದ. "ಇಲ್ಲೇನೋ ಗೀಟು ಬಿದ್ದಂಗಿತೆ. ಒರೆಸಿ ಪಾಲಿಶ್ ಹೊಡೀಲಾ?"

ಅದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. "ಹೊಡಿ" ಅಂದೆ.

ಹಸಿರು ಹೋಯಿತು, ಕಾಗೆ ಕಾಲು ಹೋಯಿತು. ಸ್ಟವ್ವು ಚಿನ್ನದ ಹಾಗೆ ಹೊಳೆಯಿತು. ಅದೇ ಜಾಗದಲ್ಲಿ ಅವನು 'ಪ್ರೀತಿಯ ಕಾಣಿಕೆ' ಎಂದು ಕೊರೆದು, ಕೆಳಗೆ ನನ್ನ ಹೆಸರು ಕೊರೆದ. ಮಾರನೆಯ ದಿನ ಛತ್ರದಲ್ಲಿ ಅದನ್ನು ಹುಡುಗಿಯ ಕೈಗೆ ಕೊಟ್ಟೆ. ಅವಳು ಪಕ್ಕದವರ ಕೈಗೆ ಕೊಟ್ಟಳು, ಅವರು ಪಾತ್ರೆಗಳ ರಾಶಿಗೆ ಸೇರಿಸಿದರು. ಹೆಸರು ಯಾರೂ ಓದಲಿಲ್ಲ. ಮದುಮಗಳು ಯಳಂದೂರಿಗೆ ಹೋದಳು, ಸ್ಟವ್ವೂ ಹೋಯಿತು.

ಹೇಳಿದ್ದ ಭಾನುವಾರ ಮೈಸೂರಿನ ಸಾಹೇಬರು ಬಂದರು. ಅಕ್ಕ ನನ್ನನ್ನು ಟೀ ತರಲು ಕಳಿಸಿದಳು. ನಾನು ಟೀ ತಂದಾಗ ಖಾಲಿ ಪೆಟ್ಟಿಗೆ ಅವಳ ತೊಡೆಯ ಮೇಲಿತ್ತು. ಅವಳು ಅದರೊಳಗೆ ಕೈಯಾಡಿಸುತ್ತಿದ್ದಳು, ಅಷ್ಟು ದೊಡ್ಡ ಸ್ಟವ್ವು ಮೂಲೆಯಲ್ಲೆಲ್ಲೋ ಸಿಕ್ಕಿಕೊಂಡಿರಬಹುದು ಎನ್ನುವ ಹಾಗೆ.

"ಯಾರ್ ಬಂದಿದ್ರೋ ಇಲ್ಗೆ, ನಾ ಇಲ್ದೇ ಇದ್ದಾಗ?"

"ಅಣ್ಣ ಬಂದಿದ್ದ. ಬರ್ನರ್ ತಂದಿದ್ದ," ಅಂದೆ.

ನಾನು ಹೇಳಿದ್ದು ಅಷ್ಟೇ. ಅದು ನಿಜವೇ. ಮಿಕ್ಕದ್ದನ್ನು ಅಕ್ಕನೇ ಕೂಡಿಸಿಕೊಂಡಳು. ಸಾಹೇಬರು ಬೇಜಾರು ಮಾಡಿಕೊಳ್ಳದೆ, ಪೆಟ್ಟಿಗೆಯನ್ನಾದರೂ ಕೊಡಮ್ಮ ಎಂದು ತೆಗೆದುಕೊಂಡು ಹೋದರು. ಮತ್ತೆ ಬರಲಿಲ್ಲ.

"ತಗಡು ಬುಟ್ಟು ಹಿತ್ತಾಳೆ ತಕಂಡೋಗವ್ನೆ," ಎಂದಳು ಅಕ್ಕ. "ತೂಕದ ಬೆಲೆ ಗೊತ್ತಿರೋನೇ ಅಂಗ್ ಮಾಡೋದು."

ಅವಳು ಅಣ್ಣನನ್ನು ಏನೂ ಕೇಳಲಿಲ್ಲ, ಬೈಯಲಿಲ್ಲ. ಗುರುವಾರ ಹನೂರಿಗೆ ಹೋಗುವುದನ್ನು ನಿಲ್ಲಿಸಿದಳು. ಎರಡು ಮೂರು ವಾರ ನೋಡಿ ಅಣ್ಣನೇ ಬಂದ. ಅವನು ಜಗಲಿ ಹತ್ತುತ್ತಿದ್ದ ಹಾಗೆ ಅಕ್ಕ ತೆರೆದಿದ್ದ ಹತ್ಯಾರದ ಪೆಟ್ಟಿಗೆಯ ಮುಚ್ಚಳ ಹಾಕಿ ಚಿಲಕ ಸಿಕ್ಕಿಸಿದಳು. ಅಣ್ಣ ಅದನ್ನು ನೋಡಿದ. ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತ. "ಬಿಸಿಲು ಜಾಸ್ತಿ ಇವತ್ತು" ಎಂದು ಹೇಳಿ ಇಳಿದು ಹೋದ. ನಾನು ಒಳಗಿನ ಬಾಗಿಲಲ್ಲಿ ನಿಂತಿದ್ದೆ.

ಅಕ್ಕ ಆಮೇಲೆ ಮಿಲ್ಟ್ರಿ ಸ್ಟವ್ ಹುಡುಕಲಿಲ್ಲ. ಕಾಲ ಕಳೆಯಿತು. ಗ್ಯಾಸು ಬಂತು. ಅವಳು ಗ್ಯಾಸ್ ಒಲೆ, ಕುಕ್ಕರು ರಿಪೇರಿ ಕಲಿತಳು. ನನ್ನ ಫಿಲೇಚರು ಮುಚ್ಚಿತು. ನಾನು ಊರೂರು ಸುತ್ತಿ ರೇಷ್ಮೆ ಗೂಡು ಕೊಡಿಸುವ ಕೆಲಸ ಹಿಡಿದೆ. ಹೇಳಿಬಿಡೋಣವೆಂದು ಎಷ್ಟೋ ಸಲ ಅನ್ನಿಸಿದ್ದಿದೆ. ಮೊದಲ ವರ್ಷ ಹೆದರಿಕೆ. ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳಲ್ಲ ಎಂಬ ಹೆದರಿಕೆ. ವರ್ಷ ಹೋದಂತೆ ಎರಡನೆಯದೇ ದೊಡ್ಡದಾಯಿತು.

ಕಳೆದ ವರ್ಷ ಗೂಡು ನೋಡಲು ಯಳಂದೂರಿಗೆ ಹೋದಾಗ ಅದೇ ಮನೆಗೆ ಹೋಗಬೇಕಾಗಿ ಬಂತು. ಸಾಹುಕಾರರ ಮಗಳು ಈಗ ಮನೆಯ ಯಜಮಾನಿ. ಪಡಸಾಲೆಯಲ್ಲಿ ಹಳೇ ಪಾತ್ರೆ ಕೊಟ್ಟು ಹೊಸದು ತೆಗೆದುಕೊಳ್ಳಲು ಸಾಮಾನು ಗುಡ್ಡೆ ಹಾಕಿದ್ದರು. ಅದರಲ್ಲಿ ಮಸಿ ಹಿಡಿದ ಸ್ಟವ್ವು.

"ಅಯ್ಯೋ, ಇದ್ರ ಮೇಲೆ ನಿಮ್ ಹೆಸ್ರೇ ಅದೆ ನೋಡಿ," ಅಂದರು ಆಕೆ ನಗುತ್ತ. "ತ್ವಾಟದ್ ಮನೇಲಿತ್ತು. ಆಳುಗಳ್ಗೆಲ್ಲ ಟೀ ಕಾಸ್ಕೊಟ್ಟದೆ. ಎಂಥಾ ಗಾಳೀಲೂ ಆರ್ತಿರ್ಲಿಲ್ಲ ಕಣ್ರಿ. ಈಗ ಅಲ್ಗೂ ಗ್ಯಾಸಾಗದೆ. ಬೇಕಾದ್ರೆ ನೀವೇ ತಕಂಡೋಗಿ."

ಹನ್ನೆರಡು ವರ್ಷದಲ್ಲಿ ಆ ಹೆಸರನ್ನು ಓದಿದವರು ಅವರೊಬ್ಬರೇ ಇರಬೇಕು.

ಬಸ್ಸಿಳಿದವನು ನೇರ ಅಕ್ಕನ ಹತ್ತಿರ ಹೋದೆ ಎಂದು ಬರೆಯಲು ಆಸೆ. ಹೋಗಲಿಲ್ಲ. ಪಾತ್ರೆ ಅಂಗಡಿ ಬೀದಿಗೆ ಹೋದೆ. ಹೆಸರನ್ನು ಒರೆಸಿಹಾಕಿಸಿ, ಯಳಂದೂರಿನ ಗುಜರಿಯಲ್ಲಿ ಸಿಕ್ಕಿತು ಎಂದು ಕೊಟ್ಟರೆ ಕಳೆದದ್ದನ್ನು ಹುಡುಕಿ ತಂದವನು ನಾನೇ ಆಗುತ್ತಿದ್ದೆ. ಮೆಷಿನ್ನಿನವನು ಅವನೇ, ದಪ್ಪ ಕನ್ನಡಕ ಬಂದಿತ್ತು.

"ಇದು ನನ್ ಕೈಬರಹನೇ," ಎಂದ. ಬೆರಳಿನಿಂದ ತಟ್ಟಿ ನೋಡಿದ. "ಒರೆಸ್ಬೋದು. ಆದ್ರೆ ಒಂದ್ಸಲ ಒರೆಸಿ ಕೊರ್ದಿರೋ ಜಾಗ, ತೆಳ್ಳಗಾಗದೆ. ಇನ್ನೊಂದ್ಸಲ ಹೊಡುದ್ರೆ, ಪಂಪ್ ಹಾಕುವಾಗ ಬಾಯಿ ಬುಟ್ಕಂಡ್ರೆ ನನ್ನ ಕೇಳ್ಬೇಡಿ."

ಪಂಪ್ ಹಾಕುವವಳು ಅಕ್ಕ. ಸ್ಟವ್ವಿನ ಮೇಲೆ ಬಗ್ಗಿ, ಕಿವಿ ಕೊಟ್ಟು ಪಂಪ್ ಹಾಕುತ್ತಾಳೆ. ಅವನ ಕೈಯಿಂದ ಸ್ಟವ್ ಕಸಿದುಕೊಂಡವನ ಹಾಗೆ ತೆಗೆದುಕೊಂಡು ಹೊರಟೆ.

ಮಧ್ಯಾಹ್ನ. ಅಕ್ಕ ಒಂದು ಕುಕ್ಕರಿನ ಹಿಡಿಗೆ ಸ್ಕ್ರೂ ಹಾಕುತ್ತಿದ್ದಳು. ಚೀಲವನ್ನು ಅವಳ ಮುಂದಿಟ್ಟೆ.

"ಏನ್ಲಾ ಅದು?"

"ನೋಡು."

ತೆಗೆದಳು. ತಲೆಕೆಳಗು ಮಾಡಿದಳು. ಒಂದು ಕಾಲು ತಿರುಗಿಸಿ ಬಿಚ್ಚಿ ಮತ್ತೆ ಹಾಕಿದಳು. ಕೈ ನಿಂತಿತು. "ಶಾಗ್ಯದ್ದು," ಅಂದಳು. "ಎಲ್ ಸಿಕ್ತು?"

"ಯಳಂದೂರಲ್ಲಿ."

"ಅಲ್ಗ್ ಮಾರಿದ್ನಾ ಅವ್ನು?"

ಅಲ್ಲಿ ಮತ್ತೊಂದು ಬಾಗಿಲು ತೆರೆದಿತ್ತು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. "ಇಲ್ಲ ಕಣಕ್ಕ," ಅಂದೆ. "ಮುಚ್ಚಳದ ಹತ್ರ ನೋಡು."

ಅವಳ ಹೆಬ್ಬೆರಳು ಅಲ್ಲಿಗೆ ಹೋಯಿತು. ಚುಕ್ಕಿಗಳ ಮೇಲೆ ಆಡಿತು. ಸೆರಗಿನಿಂದ ಮಸಿ ಒರೆಸಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ನನ್ನ ಹೆಸರನ್ನು ಎರಡು ಸಲ ಓದಿದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಮದುವೆ, ಹಂಡೆ, ಮೆಷಿನ್ನಿನವನು, ಒರೆಸಿಸಿದ ಕಾಗೆ ಕಾಲು, ಇವತ್ತು ಇನ್ನೊಮ್ಮೆ ಒರೆಸಲು ಹೋದದ್ದು.

"ಸಾಹೇಬ್ರು ಬಂದಿದ್ ದಿನ ಟೀ ತರಕ್ ಕಳ್ಸಿದ್ದೆ ನಿನ್ನ," ಅಂದಳು.

"ಊಂ."

"ಸಕ್ಕರೆ ಕಮ್ಮಿ ಹಾಕ್ಸು ಅಂದಿದ್ದೆ. ಜಾಸ್ತಿ ಹಾಕಿಸ್ಕ ಬಂದೆ."

ನನಗೆ ಅದು ನೆನಪಿರಲಿಲ್ಲ. ಅವಳು ಸೋಪು ಹಚ್ಚಿ ಕೈ ತೊಳೆದುಕೊಂಡಳು. ತುಂಬ ಹೊತ್ತು ತೊಳೆದಳು.

"ಸ್ಟವ್ ಓಗ್ಲಿ ಕಣ್ಲಾ. ಚೀಟಿ ಮೇಲಿನ್ ಹೆಸ್ರೂ ಓಗ್ಲಿ. ಆ ಮನುಷ್ಯ ಮೆಟ್ಲತ್ತುವಾಗ ನಾನು ಪೆಟ್ಗೆ ಮುಚ್ದೆ. ನನ್ ಕೈಯಲ್ಲೇ ಮುಚ್ಚಿಸ್ಬುಟ್ಟಲ್ಲೋ." ಅವಳು ಸ್ಟವ್ವನ್ನು ಎತ್ತಿಕೊಂಡಳು. "ಒರಡು. ಹನೂರಿಗ್ ಓಗವ."

"ನಾಳೆ ಓಗವ ಅಕ್ಕ."

"ನಾಳೆ ಯಾಕೆ? ಅಷ್ಟ್ರಲ್ಲಿ ಇನ್ನೊಂದ್ ಕತೆ ಕಟ್ಟಕ್ಕಾ? ನಡಿ ಮುಂದೆ."

ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಸ್ಟವ್ವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಹಿಂದೆ ನಿಂತಿದ್ದೆ. ಅಣ್ಣ ಇದ್ದಾನೋ ಇಲ್ಲವೋ ಎಂಬುದೂ ನಮಗೆ ಗೊತ್ತಿರಲಿಲ್ಲ. ಇಷ್ಟು ಹತ್ತಿರದ ಊರು, ಆದರೂ ಯಾರನ್ನೂ ವಿಚಾರಿಸಿರಲಿಲ್ಲ.

ಇದ್ದ. ತಲೆ ಪೂರಾ ಬೆಳ್ಳಗಾಗಿತ್ತು. ತಕ್ಕಡಿಯ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ತಂತಿ ಸುತ್ತುತ್ತಿದ್ದವನು ಅಕ್ಕನನ್ನು ಕಂಡು ಎದ್ದು ನಿಂತ, ಹೆಗಲ ಟವೆಲು ಸರಿಮಾಡಿಕೊಂಡ, ಗೊತ್ತಿಲ್ಲದ ಗಿರಾಕಿ ಬಂದರೆ ನಿಲ್ಲುತ್ತಾರಲ್ಲ ಹಾಗೆ.

"ಅಣ್ಣ, ನಾನು."

"ಕಣ್ಣು ಇನ್ನೂ ಕಾಣ್ತದೆ ತಂಗಚ್ಚಿ. ಕೂತ್ಕೊ."

ಅಕ್ಕ ಕೂರಲಿಲ್ಲ. ಸ್ಟವ್ವನ್ನು ತಕ್ಕಡಿಯ ಹತ್ತಿರ ಇಟ್ಟಳು. "ಇದ ನೀ ತಕಂಡೋದೆ ಅಂದ್ಕಂ‌ಡಿದ್ದೆ."

"ಗೊತ್ತು."

"ಗೊತ್ತಿದ್ ಮೇಲೆ ಬಂದು ಕೇಳ್ಬಾರ್ದಾಗಿತ್ತಾ ನನ್ನ?"

"ಏನಂತ ಕೇಳ್ಲಿ? ಅಮ್ಮಾ, ನಾನು ಕಳ್ಳನಾ ಅಂತ ಕೇಳ್ಕೊಂಡ್ ಬರ್ಲಾ ಬಸ್ ಚಾರ್ಜು ಕೊಟ್ಟು?"

ಅಕ್ಕ ನನ್ನನ್ನು ಮುಂದಕ್ಕೆ ನೂಕಿದಳು. ಅಣ್ಣನಿಗೆ ಕನ್ನಡ ಓದಲು ಬರುವುದಿಲ್ಲ. ಬೆಳಕಿಗೆ ಹಿಡಿದು, "ಏನ್ ಬರ್ದಿದೆ ಇಲ್ಲಿ?" ಎಂದ.

"ಇವನೇ ಓದ್ಲಿ," ಅಂದಳು ಅಕ್ಕ.

ನನ್ನ ಹೆಸರನ್ನು ನಾನೇ ಓದಿ, ಅದು ಅಲ್ಲಿಗೆ ಹೇಗೆ ಬಂತೆಂದು ಹೇಳಿದೆ. ಅಣ್ಣ ಸ್ಟವ್ವನ್ನೂ ನನ್ನನ್ನೂ ನೋಡಿದ. ಮೊದಲು ಹೊಟ್ಟೆ ಅಲುಗಿತು, ಆಮೇಲೆ ನಗು ಹೊರಗೆ ಬಂತು.

"ಎನ್ನಾ ತಂಬಿ! ಇಷ್ಟು ವರ್ಷ ಗುಜರಿ ವ್ಯಾಪಾರ ಮಾಡಿದೀನಿ. ಕದ್ದ ಮಾಲಿನ ಮೇಲೆ ಹೆಸರು ಕೊರೆಸಿ ಇಟ್ಟ ಕಳ್ಳನ್ನ ಇವತ್ತೇ ನೋಡಿದ್ದು."

ಅಕ್ಕನೂ ನಕ್ಕುಬಿಟ್ಟಳು, ಕಣ್ಣಲ್ಲಿ ನೀರಿತ್ತು. ನಾನು ಅವನ ಕಾಲು ಮುಟ್ಟಲು ಬಗ್ಗಿದೆ. ಅವನು ಕಾಲು ಹಿಂದಕ್ಕೆಳೆದುಕೊಂಡ. ನಗು ನಿಂತಿತ್ತು.

"ಇಲ್ಲಿ ಬೇಡ. ನಾವು ಮೂರು ಜನಕ್ಕೆ ಗೊತ್ತಾದ್ರೆ ಸಾಕಾ? ತಂಗಚ್ಚಿ ಬರೋದು ಯಾಕೆ ನಿಂತೋಯ್ತು ಅಂತ ಈ ಬೀದೀಲಿ ಎಲ್ಲರೂ ಕೇಳಿದ್ರು. ಕೊಳ್ಳೇಗಾಲದಿಂದ ಯಾರೋ ಸುದ್ದಿ ತಂದ್ರು. ಅವತ್ತಿಂದ ನನ್ನ ಅಂಗಡಿಗೆ ಯಾರಾದ್ರೂ ಮಾಲು ತಂದ್ರೆ, ಎದುರಿಗಿನ ಟೀ ಅಂಗಡಿಯವನು 'ಹುಷಾರಪ್ಪೋ, ಸ್ಟವ್ವು ಜೋಪಾನ' ಅಂತಾನೆ. ತಮಾಷೆಗೆ. ಹನ್ನೆರಡು ವರ್ಷದ ತಮಾಷೆ. ನೀನು ಅಲ್ಲಿ ಬಂದು ಹೇಳು."

ರಸ್ತೆ ದಾಟಿದೆವು. ಟೀ ಅಂಗಡಿಯಲ್ಲಿ ಐದಾರು ಜನ ಇದ್ದರು. ಸ್ಟವ್ವನ್ನು ಬೆಂಚಿನ ಮೇಲಿಟ್ಟು ನಾನು ಮತ್ತೆ ಹೇಳಿದೆ. ಅಕ್ಕನಿಗೆ ಹೇಳುವಾಗ ಬಂದ ಬೆವರಿಗಿಂತ ಇಲ್ಲಿ ಹೆಚ್ಚು ಬೆವರು ಬಂತು. ನಡುವೆ ದನಿ ಇಳಿದರೆ ಅಕ್ಕ "ಜೋರಾಗ್ ಏಳು, ಒಲೆ ಹತ್ರ ಇರೋರ್ಗೆ ಕೇಳ್ತಾ ಇಲ್ಲ" ಅನ್ನುತ್ತಿದ್ದಳು.

ಒಬ್ಬ ಸ್ಟವ್ವಿನ ಮೇಲಿನ ಹೆಸರನ್ನು ಕಣ್ಣು ಕಿರಿದು ಮಾಡಿ ಓದಿದ. "ಅಲ್ಲಾ ಸಾ, ಇಷ್ಟೆಲ್ಲಾ ಮಾಡಿ ಅಪ್ಪನ್ ಇನಿಷಿಯಲ್ ಯಾಕ್ ಬುಟ್ಬುಟ್ರಿ?"

ಎಲ್ಲರೂ ನಕ್ಕರು. ಟೀ ಅಂಗಡಿಯವನು ಮಾತ್ರ ನಗಲಿಲ್ಲ. ಮೊದಲ ಲೋಟವನ್ನು ಅಣ್ಣನ ಮುಂದಿಟ್ಟ. "ನಾ ಸುಮ್ಕೆ ಅಂತಿದ್ದೆ ಕಣಣ್ಣ."

"ನೀ ಸುಮ್ನೆ ಅಂತಿದ್ದೆ. ನಾನು ಸುಮ್ನೆ ಕೇಳ್ತಿದ್ದೆ," ಎಂದ ಅಣ್ಣ. ಟೀ ಕುಡಿದ. ಲೋಟ ಕೆಳಗಿಟ್ಟು, "ಇವತ್ತಿಗೆ ಆಯ್ತು" ಎಂದ.

ಹೊರಗೆ ಬಂದ ಮೇಲೆ ಅವನು ಅಕ್ಕನನ್ನು ಕೇಳಿದ. "ಗುರುತು ಪೂರಾ ಹೋಯ್ತಾ?"

"ಓಯ್ತು. ಸಾಹೇಬ್ರ ಮುಂದೆ ಮಡಗುದ್ರೂ ಇದ ಮಿಲ್ಟ್ರಿದು ಅಂತ ಒಪ್ಪಲ್ಲ ಈಗ."

"ನೀನು ಒಪ್ತೀಯಾ?"

"ಕಾಲು ಒಪ್ತವೆ. ಬರ್ನರು ಒಪ್ತದೆ. ನಾನ್ಯಾಕ್ ಒಪ್ಪಲ್ಲ?"

ಅಣ್ಣ ತಲೆಯಾಡಿಸಿದ. ಅಂಗಡಿಯ ಹಿಂದಿನ ಶೆಡ್ಡಿನ ಬೀಗ ತೆಗೆದ. ಕಾಡಿನಂಚಿನ ಯಾವುದೋ ಕ್ಯಾಂಪು ಎತ್ತಿದಾಗ ಬಂದ ಸಾಮಾನಂತೆ. ಅಲ್ಯೂಮಿನಿಯಂ ಡಬರಿ, ಡೇರೆಯ ಗೂಟ, ಹಳೇ ಕ್ಯಾನು, ಅದರ ನಡುವೆ ಅಲ್ಲೊಂದು ಇಲ್ಲೊಂದು ಸ್ಟವ್ವಿನ ಹೊಟ್ಟೆ ಕಾಣುತ್ತಿತ್ತು. "ನಾಲ್ಕು ತಿಂಗಳಾಯ್ತು, ಒಡೀದೆ ಇಟ್ಟಿದೀನಿ. ಯಾವ್ದು ಏನು ಅಂತ ಹೇಳೋರು ಯಾರಿದಾರೆ?"

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಇಳಿದಳು. ಅಣ್ಣ ಒಂದು ಹಸಿರು ಸ್ಟವ್ವನ್ನು ಎಳೆದು ಕೊಟ್ಟ. ಅವಳು ತಿರುವಿ ಹಾಕಿ, ಸಂದಿಯಲ್ಲಿ ಉಗುರಾಡಿಸಿ, ಅವನ ಕಡೆಗೇ ವಾಪಸು ತಳ್ಳಿದಳು.

"ಮಸಿ ಮೇಲೆ ಬಳ್ದವ್ರೆ. ನಿಂಗೇ ಬುಡು ಇದು."

"ಸರಿಯಾಗಿ ನೋಡು ತಂಗಚ್ಚಿ. ಕಾಲು ಬಿಚ್ತದೆ."

"ಬಿಚ್ಚಲ್ಲ ಅಣ್ಣ, ಮುರ್ದದೆ. ಮುರಿಯೋದಕ್ಕೂ ಬಿಚ್ಚೋದಕ್ಕೂ ವ್ಯತ್ಯಾಸ ಮರ್ತೋಯ್ತಾ?"

"ನೀನು ಬರದೆ ಇದ್ರೆ ಮರ್ತು ಹೋಗದೆ ಇರ್ತದಾ?"

ಇಬ್ಬರೂ ಜಗಳವಾಡುತ್ತ ರಾಶಿಯೊಳಗೆ ಕೈ ಹಾಕಿದ್ದರು. ಬಾಗಿಲ ಹತ್ತಿರ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನಾನು ನಿಂತಿದ್ದೆ. ಡೇರೆಯ ದಪ್ಪ ಬಟ್ಟೆಯೊಂದು ಅರ್ಧ ರಾಶಿಯನ್ನು ಮುಚ್ಚಿಕೊಂಡು ಬಿದ್ದಿತ್ತು. ಅಕ್ಕ ಅದರ ಒಂದು ಮೂಲೆಯನ್ನು ಹಿಡಿದು, ತಲೆ ಎತ್ತಿ ನನ್ನ ಕಡೆ ನೋಡಿದಳು.

"ಏನ್ಲಾ ಕಂಬ ನಿಂತಂಗ್ ನಿಂತಿದ್ದೀಯೆ? ಬಂದು ಆ ತುದಿ ಇಡ್ಕ. ಎತ್ತವ."